ದಡ ಸೇರಿದ ತಂಗಿ

ನೀಲಿ ಕೋಟಿನ ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಲೇ ಇರಲಿಲ್ಲ. ಅವಳು ಎರಡೂ ಅಂಚು ಹಿಡಿದು ಎಳೆದಳು, ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದಳು. ಗುಂಡಿ ತೂತಿನ ಬಾಯಿಗೆ ಬಂದಂತೆ ಮಾಡಿ ಜಾರಿಕೊಂಡಿತು. ಗಂಡ ಬದುಕಿದ್ದಾಗ ಆಗಿದ್ದರೆ 'ಸ್ವಲ್ಪ ಹೊಟ್ಟೆ ಒಳಗೆ ಎಳ್ಕೊಳ್ರೀ' ಅನ್ನಬಹುದಿತ್ತು.

"ಬಿಡಮ್ಮ, ಬೇರೆ ಶರ್ಟು ಹಾಕೋಣ. ವ್ಯಾನು ಬರೋ ಹೊತ್ತಾಯ್ತು," ಅಂದ ಮಗ. ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುವ ಅವನಿಗೆ ಯಾವ ವಿಷಯವನ್ನೂ ಎರಡನೇ ಸಲ ಯೋಚಿಸುವ ತಾಳ್ಮೆಯಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಟೂರ್ ಬಸ್ಸಿನ ಡ್ರೈವರ್ ತಲೆ ಅಲ್ಲಾಡಿಸಿದ. "ಕೋಟು ಇರಲಿ ಅತ್ತಿಗೆ. ಕೋಟಿಲ್ಲದಿದ್ರೆ ಅಣ್ಣನ್ನ ಯಾರೂ ಗುರುತೇ ಹಿಡಿಯಲ್ಲ."

"ಗುರುತು ಹಿಡಿದು ಈಗ ಏನಾಗ್ಬೇಕು? ಟಿಕೆಟ್ ಹರಿಸ್ಕೊಂಡು ಹಿಂದೆ ಬರ್ತಾರಾ?" ಅವಳು ರೇಗಿದಳು.

ಕೊನೆಗೆ ಕೋಟನ್ನು ಹಾಗೇ ತೆರೆದು ಬಿಟ್ಟರು. ಹೊಟ್ಟೆಯ ಮೇಲೆ ಕೈ ಜೋಡಿಸಿಟ್ಟಾಗ, ಊಟ ಮುಗಿಸಿ ಮುಂದಿನ ಗುಂಪಿಗೆ ಕಾಯುತ್ತಿರುವವನಂತೆ ಕಂಡ. ಮೊನ್ನೆ ಸಂಜೆ ಬಸ್ಸಿಳಿದು ಮನೆಗೆ ಬಂದು, ಶೂ ಬಿಚ್ಚಲು ಬಗ್ಗಿದವನು ಮತ್ತೆ ಎದ್ದಿರಲಿಲ್ಲ. ಮದುವೆಯಾದಂದಿನಿಂದ ಅವನ ಕೆಲಸ ಅದೊಂದೇ: ಬೆಳಿಗ್ಗೆ ಅಪರಿಚಿತರನ್ನು ಬಸ್ಸಿಗೆ ತುಂಬಿಸಿಕೊಂಡು ರಾಜಧಾನಿಯ ಅರಮನೆ, ಹಳೇ ಸೆರೆಮನೆ, ಹುತಾತ್ಮರ ಚೌಕ, ಕೊನೆಗೆ ನದಿಯ ಸೇತುವೆ ತೋರಿಸಿ ಸಂಜೆಗೆ ಮರಳಿ ಇಳಿಸುವುದು. ಅರಮನೆಯಲ್ಲಿ ನಗಿಸುವುದು, ಸೇತುವೆಯಲ್ಲಿ ಅಳಿಸುವುದು. ಗಂಟಲೆಲ್ಲ ಅಲ್ಲೇ ಖರ್ಚಾಗಿ, ಮನೆಗೆ ಬಂದರೆ ಬರೀ ಕೈಸನ್ನೆ. ಉಪ್ಪು ಬೇಕಾದರೆ ಬೆರಳು ತೋರಿಸುವುದು, ನೀರು ಬೇಕಾದರೆ ಲೋಟ ಕುಟ್ಟುವುದು. ಇಡೀ ದೇಶಕ್ಕೆ ಮಾತಾಡುವ ಗಂಡನನ್ನು ಕಟ್ಟಿಕೊಂಡು ಅವಳು ಮೂಕನ ಜೊತೆ ಸಂಸಾರ ಮಾಡಿದ್ದಳು.

ಈಗ ಮುಂದಿನ ಕೋಣೆಯ ತುಂಬ ಅವನ ಮಾತೇ. ಟಿಕೆಟ್ ಕೌಂಟರಿನವನು ಅವನ ಅರಮನೆಯ ಜೋಕನ್ನು ಅವನದೇ ದನಿಯಲ್ಲಿ ಹೇಳಿ, ನಕ್ಕು, ನಕ್ಕಿದ್ದಕ್ಕೆ ನಾಚಿ ಬಾಯಿ ಮುಚ್ಚಿಕೊಂಡ. ಪಕ್ಕದ ಮನೆಯಾಕೆ, "ನಮ್ಮ ನೆಂಟರನ್ನ ಒಂದ್ಸಲ ಕರ್ಕೊಂಡು ಹೋಗಿದ್ದೆ, ಎಷ್ಟು ಚೆನ್ನಾಗಿ ಹೇಳ್ತಾರೆ!" ಅಂದಳು. ಅವಳು ಎಲ್ಲರಿಗೂ ತಲೆಯಾಡಿಸಿದಳು. ಜನ ಬೇಗ ಎದ್ದು ಹೋದರೆ ಸಾಕಾಗಿತ್ತು.

ಆಗ ಬಂದವಳು ಹೊಸ ಗೈಡ್ ಹುಡುಗಿ. ಕಣ್ಣು ಕೆಂಪಗೆ ಊದಿತ್ತು. ಮಧ್ಯಾಹ್ನದ ಗುಂಪಿಗೆ ಇವತ್ತು ರಜೆ ಇಲ್ಲವಂತೆ, ಹಾಗಾಗಿ ಗೈಡುಗಳ ಅದೇ ನೀಲಿ ಕೋಟು ಹಾಕಿಕೊಂಡೇ ಬಂದಿದ್ದಳು. ಅವಳ ಕೈ ಹಿಡಿದುಕೊಂಡು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು.

"ನನಗೆ ಎಲ್ಲಾ ಕಲಿಸಿದ್ದು ಸರ್ರೇ ಅಮ್ಮ. ಆದ್ರೂ ಸೇತುವೆ ಕತೆ ಅವರ ಹಾಗೆ ಹೇಳೋಕೆ ನನ್ನ ಕೈಲಿ ಆಗಲ್ಲ."

ಅವಳು ಹುಡುಗಿಯತ್ತ ಬಗ್ಗಿದಳು. "ಯಾವ ಕತೆ?"

"ಅದೇ, ಅಕ್ಕ ತಂಗಿ ಕತೆ. ಸೈನ್ಯ ಬಂದಾಗ ಊರಿಗೆ ಊರೇ ಸೇತುವೆ ಮೇಲೆ ನುಗ್ತಲ್ಲ, ಆ ಕಡೆ ಗೇಟು ಅರ್ಧ ಮುಚ್ಚಿದ್ರಲ್ಲ, ಆಗ ಇಬ್ಬರು ಹುಡುಗೀರು..." ಹುಡುಗಿ ಮೂಗು ಒರೆಸಿಕೊಂಡಳು. "ಅಷ್ಟು ಜನ ಸತ್ರೂ, ಕೈ ಬಿಡದೆ ಇಬ್ಬರೂ ದಡ ಸೇರಿದ್ರಲ್ಲಮ್ಮ. ಸರ್ ಅದನ್ನ ಹೇಳ್ವಾಗ ಒಂದೊಂದು ಸಲ ಅವರ ದನಿನೇ ಒಡೀತಿತ್ತು."

ಅವಳು ಕೈ ಬಿಡಿಸಿಕೊಂಡಳು. ಮಂಚದ ಕಡೆ ತಿರುಗಿದಳು. ಗಂಡ ಕೋಟು ತೆರೆದುಕೊಂಡು ಆರಾಮಾಗಿ ಮಲಗಿದ್ದ. ಹೋಗಿ ಭುಜ ಹಿಡಿದು ಅಲ್ಲಾಡಿಸಿಬಿಡಬೇಕು ಅನ್ನಿಸಿತು.

*

ಮದುವೆಯಾದ ಹೊಸತರಲ್ಲಿ, ಒಂದು ಮಧ್ಯಾಹ್ನ ಅಡುಗೆಮನೆಯ ನೆಲದಲ್ಲಿ ಕೂತು ಅವನಿಗೆ ಹೇಳಿದ್ದಳು. ಅದಕ್ಕೆ ಮುಂಚೆ ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೆ ಹೇಳಬೇಕಾಗಿರಲಿಲ್ಲ, ಅಮ್ಮನಿಗೆ ಗೊತ್ತಿತ್ತು.

ತಂಗಿಯನ್ನು ಮನೆಯಲ್ಲಿ ಬುಗುರಿ ಅನ್ನುತ್ತಿದ್ದರು. ಒಂದು ಕಡೆ ನಿಲ್ಲುವ ಪೈಕಿಯಲ್ಲ. ಆ ದಿನ ಸೇತುವೆಯ ಮೇಲೆ ಮಾತ್ರ ನಿಂತುಬಿಟ್ಟಿದ್ದಳು, ಯಾಕೆಂದರೆ ನಡೆಯಲು ಜಾಗವೇ ಇರಲಿಲ್ಲ. ಎತ್ತಿಕೋ ಎಂದು ರಚ್ಚೆ ಹಿಡಿದಿದ್ದಳು. ಅಕ್ಕನ ಒಂದು ಕೈಯಲ್ಲಿ ಬಟ್ಟೆಗಂಟು, ಇನ್ನೊಂದರಲ್ಲಿ ಬುಗುರಿಯ ಕೈ. ಹಿಂದಿನಿಂದ ನೂಕು ಬಂತು. ಕೈ ಬೆವರಿತ್ತು.

"ಜಾರ್ತು," ಅಂದಿದ್ದಳು ಅವಳು ಗಂಡನಿಗೆ. "ಅಷ್ಟೇ. ತಿರುಗಿ ನೋಡೋಕೂ ಆಗಲಿಲ್ಲ."

ಅವನು ಅವಳ ಅಂಗೈಯನ್ನು ತನ್ನ ಮೊಣಕಾಲ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ಇಂಥ ಗಂಡ ಸಿಕ್ಕಿದನಲ್ಲ ಎಂದು ಅವಳಿಗೆ ಆಗ ಅನ್ನಿಸಿತ್ತು.

ಕೆಲವು ವರ್ಷಗಳ ನಂತರ, ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ರಜೆ ಇದ್ದ ದಿನ, ಬಸ್ಸಿನಲ್ಲಿ ಸೀಟು ಖಾಲಿ ಇದೆ ಬಾ ಎಂದು ಅವನೇ ಕರೆದ. ಒಳ್ಳೆ ಬಟ್ಟೆ ಉಟ್ಟು ಹೋದಳು. ಅರಮನೆಯಲ್ಲಿ ಎಲ್ಲರ ಜೊತೆ ನಕ್ಕಳು. ನನ್ನ ಗಂಡ ಅಂತ ಪಕ್ಕದ ಸೀಟಿನವಳಿಗೆ ಹೇಳಿಕೊಂಡಳು ಕೂಡ. ಬಸ್ಸು ಸೇತುವೆಯ ಈಚೆ ತುದಿಯಲ್ಲಿ ನಿಂತಾಗ ಇಳಿಯಲಾರೆ ಎಂದು ಬಸ್ಸಿನಲ್ಲೇ ಕೂತಳು. ಕಿಟಕಿ ತೆರೆದಿತ್ತು. ಕಂಬಿಯ ಪಕ್ಕ ನಿಂತು ಅವನು ಶುರು ಮಾಡಿದ: "ಆ ಮಗೂನ ಮನೇಲಿ ಬುಗುರಿ ಅಂತಿದ್ರು..."

ಹೆಂಗಸರು ಕರವಸ್ತ್ರ ತೆಗೆದರು. ಅವನು ಸರಿಯಾದ ಕಡೆ ನಿಲ್ಲಿಸುತ್ತಿದ್ದ, ಸರಿಯಾದ ಕಡೆ ದನಿ ಇಳಿಸುತ್ತಿದ್ದ. ಎಷ್ಟೋ ಸಲ ಹೇಳಿ ನುಣುಪಾದ ಮಾತು. ಕೈ ಬೆವರಿತ್ತೆಂಬ ಮಾತನ್ನೂ ಬಿಟ್ಟಿರಲಿಲ್ಲ.

ಅವಳು ಬಸ್ಸಿಳಿದು ಮನೆತನಕ ನಡೆದೇ ಹೋದಳು.

ಆ ರಾತ್ರಿ ಅವನೇ ಮೊದಲು ಬಾಯಿ ಬಿಟ್ಟ. "ಜನ ಆ ಸೇತುವೆ ನೋಡ್ತಾರೆ, ಚೆನ್ನಾಗಿದೆ ಅಂತ ಫೋಟೋ ಹೊಡ್ಕೊಂಡು ಹೋಗ್ತಾರೆ ಕಣೆ. ಸತ್ತೋರ ಲೆಕ್ಕ ಹೇಳಿದ್ರೆ ಆಕಳಿಸ್ತಾರೆ. ಒಂದು ಮಗು ಅಂದ್ರೆ ಮಾತ್ರ ತಿರುಗಿ ನೋಡ್ತಾರೆ."

"ಅವಳು ನನ್ನ ತಂಗಿ. ನಿಮ್ಮ ಬಸ್ಸಿನ ಸರಕಲ್ಲ."

"ತಪ್ಪಾಯ್ತು."

"ಇನ್ನೊಂದ್ಸಲ ಅವಳು ಸತ್ತಿದ್ದನ್ನ ಯಾರ ಮುಂದಾದ್ರೂ ಹೇಳಿದ್ರೆ, ನಾನು ಈ ಮನೇಲಿ ಇರಲ್ಲ."

"ಹೇಳಲ್ಲ," ಅಂದ. ಅವಳು ನಂಬಿದಳು. ಆಮೇಲೆ ಇಬ್ಬರೂ ಆ ಮಾತು ಎತ್ತಲಿಲ್ಲ. ಗಂಟಲುನೋವೆಂದು ಅವನು ಮನೆಯಲ್ಲಿ ಕೈಸನ್ನೆ ಶುರು ಮಾಡಿದ್ದು ಆಗಲೇ ಇರಬೇಕು.

*

ಶವದ ವ್ಯಾನನ್ನು ತಾನೇ ಓಡಿಸುತ್ತೇನೆಂದು ಡ್ರೈವರ್ ಹಟ ಹಿಡಿದಿದ್ದ. ಅವಳು ಮುಂದೆ ಕೂತಳು. ಮಗ ಹಿಂದೆ, ಅಪ್ಪನ ಪಕ್ಕ.

ಅರ್ಧ ದಾರಿಯಲ್ಲೇ ತಡೆಗಂಬ. ಆಚೆ ರಸ್ತೆ ಖಾಲಿ ಹೊಡೆಯುತ್ತಿತ್ತು. ಈಚೆ ಬಸ್ಸು, ಕಾರು, ತರಕಾರಿ ಗಾಡಿ ಒಂದರ ಬಾಲಕ್ಕೊಂದು ಅಂಟಿಕೊಂಡಿದ್ದವು.

"ಹೊರದೇಶದ ಅತಿಥಿ ಬಂದಿದಾರೆ. ಚೌಕದಲ್ಲಿ ಹುತಾತ್ಮರಿಗೆ ಹೂವು ಇಡ್ತಾರೆ," ಅಂದ ಪೊಲೀಸಿನವನು.

ಮಗ ಹಿಂದಿನ ಕಿಟಕಿಯಿಂದ ತಲೆ ಹಾಕಿದ. "ಸಾರ್, ಒಳಗೆ ಶವ ಇದೆ. ಚಿತಾಗಾರದಲ್ಲಿ ನಮ್ಮ ಸರದಿ ತಪ್ಪಿದ್ರೆ ನಾಳೆಗೆ ಹೋಗುತ್ತೆ."

"ಶವಕ್ಕೇನ್ರೀ ಅವಸರ?" ಎಂದುಬಿಟ್ಟು ಪೊಲೀಸಿನವನೇ ನಾಲಿಗೆ ಕಚ್ಚಿಕೊಂಡ. ಅವಳ ಮುಖ ನೋಡದೆ, "ಸೇತುವೆ ಮೇಲಿಂದ ಸುತ್ತಿ ಹೋಗಿ ಅಮ್ಮಾ," ಎಂದು ಕೈ ತೋರಿಸಿದ.

"ಬೇಡ. ಬೇರೆ ದಾರಿ ನೋಡಿ," ಅಂದಳು ಅವಳು.

"ಬೇರೆ ದಾರಿ ಇಲ್ಲ ಅತ್ತಿಗೆ."

ವ್ಯಾನು ತಿರುಗಿತು. ಹಿಂದೆ ಮಗ ಚಿತಾಗಾರದ ಗುಮಾಸ್ತನಿಗೆ ಫೋನ್ ಹಚ್ಚಿ ಕೂಗಾಡುತ್ತಿದ್ದ. ಅವಳು ರಸ್ತೆ ನೋಡುತ್ತಲೇ ಕೇಳಿದಳು, "ಎಷ್ಟು ವರ್ಷದಿಂದ ಹಾಗೆ ಹೇಳ್ತಿದ್ರು?"

ಡ್ರೈವರ್‌ಗೆ ಯಾವುದು ಅಂತ ಕೇಳುವ ಅಗತ್ಯ ಬೀಳಲಿಲ್ಲ. ಗೇರ್ ಬದಲಿಸಿದ, ಕನ್ನಡಿ ಸರಿಮಾಡಿದ.

"ಆವತ್ತು ನೀವು ಬಸ್ಸಿಳಿದು ನಡ್ಕೊಂಡು ಹೋದ್ರಲ್ಲ. ಅದಾದ್ಮೇಲೆ ಸುಮಾರು ದಿನ ಅಣ್ಣ ಸೇತುವೆ ಹತ್ರ ಬಾಯೇ ಬಿಡಲಿಲ್ಲ. ಇದು ಸೇತುವೆ, ಅದು ನದಿ, ನಡೀರಿ ಅಷ್ಟೇ. ಆಫೀಸಿಗೆ ದೂರು ಹೋಯ್ತು. ಮ್ಯಾನೇಜರ್ ಕರೆಸಿ ಬೈದ. ಆಮೇಲೆ ಒಂದಿನ ಅಣ್ಣ ಶುರು ಮಾಡಿದ, ಇಬ್ಬರೂ ದಡ ಸೇರಿದ್ರು ಅಂತ. ನನಗೆ ಸಿಟ್ಟೇ ಬಂತು. ಯಾಕಣ್ಣ ಈ ಸುಳ್ಳು ಅಂದೆ. 'ಸತ್ತಿದ್ದನ್ನ ಹೇಳಬೇಡ ಅಂದಿದಾಳೆ, ನಾನು ಹೇಳ್ತಿಲ್ಲವಲ್ಲ' ಅಂದ."

"ಬಾಯಿ ಮುಚ್ಕೊಂಡಿರೋದು ಅಂತಾನೂ ಒಂದಿತ್ತಲ್ಲ!"

"ಅದು ಅವನಿಗೆ ಬರ್ತಿರಲಿಲ್ಲ ಅತ್ತಿಗೆ."

"ಮನೇಲಿ ಚೆನ್ನಾಗಿ ಬರ್ತಿತ್ತು."

ಡ್ರೈವರ್ ಹಾರನ್ ಒತ್ತಿದ. ಅವಳು ತಿರುಗಿ ಗಂಡನ ಕಡೆ ನೋಡಿದಳು. ಮೊದಲು ಬುಗುರಿಯ ಸಾವನ್ನು ಎತ್ತಿಕೊಂಡು ಹೋಗಿ ಊರಿಗೆ ಹಂಚಿದ. ಬೇಡ ಅಂದಿದ್ದಕ್ಕೆ ಆ ಸಾವನ್ನೂ ಇಲ್ಲವಾಗಿಸಿದ. ಈಗ ಎಲ್ಲ ಗೈಡುಗಳ ಬಾಯಲ್ಲೂ ಬುಗುರಿ ದಿನಾ ದಡ ಸೇರುತ್ತಿದ್ದಾಳೆ. ದನಿ ಒಡೀತಿತ್ತಂತೆ. ಒಡೆಯುವ ದನಿಯನ್ನು ಒಂದು ದಿನವಾದರೂ ಮನೆಗೆ ತರಬಾರದಿತ್ತೇ? ಜಗಳ ಆಡೋಣವೆಂದರೆ ಎದುರಾಳಿ ಹಿಂದುಗಡೆ ಕೈ ಕಟ್ಟಿಕೊಂಡು ಮಲಗಿದ್ದಾನೆ.

ಸೇತುವೆಯ ನಡುವಿಗೆ ಬರುವಷ್ಟರಲ್ಲಿ ವ್ಯಾನು ಪೂರ್ತಿ ನಿಂತಿತು. ಎದುರಿಗೂ ಅದೇ ಅವಸ್ಥೆ. ಎಲ್ಲರೂ ಹಾರನ್ ಹೊಡೆಯುತ್ತಿದ್ದರು, ಹೊಡೆದರೆ ದಾರಿಯಾಗುತ್ತದೆ ಎಂಬಂತೆ. ಸ್ವಲ್ಪ ಮುಂದೆ, ಕಂಬಿಯ ಪಕ್ಕ ಟೂರ್ ಬಸ್ಸು ನಿಂತಿತ್ತು. ಜನ ಅರ್ಧಚಂದ್ರದಂತೆ ನೆರೆದಿದ್ದರು. ನಡುವೆ ನೀಲಿ ಕೋಟಿನ ಹುಡುಗಿ, ಕೈಯಲ್ಲಿ ಮೈಕು.

ಅವಳು ಬಾಗಿಲು ತೆಗೆದಳು.

"ಅಮ್ಮಾ! ಎಲ್ಲಿಗೆ? ಈಗ ಬಿಡುತ್ತೆ ಗಾಡಿ!" ಮಗ ಕೂಗಿದ.

ಅವಳು ಕಾರುಗಳ ಸಂದಿಯಲ್ಲಿ ಮೈ ಓರೆ ಮಾಡಿಕೊಂಡು ನಡೆದಳು. ಬುಗುರಿಯ ಕೈ ಜಾರಿದ ದಿನದ ನಂತರ ಈ ಸೇತುವೆಯ ಮೇಲೆ ಕಾಲಿಟ್ಟಿರಲಿಲ್ಲ. ಇಷ್ಟು ಕಿರಿದು ಎಂದು ನೆನಪಿರಲಿಲ್ಲ.

"...ಅಕ್ಕ ಕೈ ಬಿಡಲಿಲ್ಲ," ಹುಡುಗಿ ಹೇಳುತ್ತಿದ್ದಳು. "ಆ ಕೈ ಹಿಡ್ಕೊಂಡೇ ತಂಗಿ ದಡ ಸೇರಿದ್ಲು." ಯಾರೋ ನಿಟ್ಟುಸಿರು ಬಿಟ್ಟರು. ಒಬ್ಬ ಹೆಂಗಸು ನಗುತ್ತ ಕಣ್ಣೊರೆಸಿಕೊಂಡಳು. ಮುಖಗಳೆಲ್ಲ ಸಡಿಲಾದವು. ಇನ್ನು ಟೀ ಕುಡಿಯಲು ಅಡ್ಡಿಯಿಲ್ಲ ಅನ್ನುವ ಹಾಗೆ.

"ಸೇರಲಿಲ್ಲ," ಅಂದಳು ಅವಳು.

ಹುಡುಗಿ ತಿರುಗಿದಳು. ಆಮೇಲೆ ಹಿಂದೆ ನಿಂತಿದ್ದ ಶವದ ವ್ಯಾನನ್ನು ನೋಡಿ ಬಿಳಿಚಿಕೊಂಡಳು. "ಅಮ್ಮ... ನೀವಿಲ್ಲಿ..."

"ತಂಗಿ ದಡ ಸೇರಲಿಲ್ಲ. ಕೈ ಬೆವರಿತ್ತು. ಜಾರ್ತು."

"ಏನಂತೆ? ಕೇಳಿಸ್ತಿಲ್ಲ!" ಹಿಂದಿನಿಂದ ಯಾರೋ ಕೂಗಿದರು. "ಸ್ವಲ್ಪ ಜೋರಾಗಿ ಹೇಳಿ!"

ಅವಳು ದನಿ ಎತ್ತಿದಳು. ಹಾರನ್‌ಗಳ ನಡುವೆ ಅದು ಮುಳುಗಿಹೋಯಿತು. ಇನ್ನೂ ಎತ್ತಿದಳು, ಗಂಟಲು ಉಜ್ಜಿದಂತಾಗಿ ಕೆಮ್ಮು ಬಂತು. ದಿನವಿಡೀ ಮಾತಾಡುವುದು ಅಂದರೆ ಇದೇನಾ ಅನ್ನಿಸಿ ಇನ್ನಷ್ಟು ಸಿಟ್ಟು ಬಂತು. ಹುಡುಗಿ ಏನು ಮಾಡಬೇಕೆಂದು ತೋಚದೆ ಮೈಕನ್ನು ಅವಳ ಕೈಗಿಟ್ಟಳು.

"ಅವಳನ್ನ ಬುಗುರಿ ಅಂತಿದ್ವಿ," ಅಂದಳು. ತನ್ನದೇ ದನಿ ಇಡೀ ಸೇತುವೆಗೆ ಕೇಳುವಷ್ಟು ದೊಡ್ಡದಾಗಿ ಹೊರಬಂದು ಬೆಚ್ಚಿದಳು. ಹತ್ತಿರದ ಒಂದು ಕಾರಿನ ಹಾರನ್ ನಿಂತಿತು. "ಎತ್ಕೋ ಅಂತ ಅಳ್ತಿದ್ಲು. ನನ್ನ ಕೈಯಲ್ಲಿ ಬಟ್ಟೆಗಂಟು ಇತ್ತು, ಎತ್ಕೊಳ್ಳಲಿಲ್ಲ. ನೂಕು ಬಂತು. ನಾನು ಆ ಕಡೆ ಹೋದೆ. ಅವಳು ಬರಲಿಲ್ಲ. ಅಷ್ಟೇ. ಇನ್ನೇನಿಲ್ಲ."

ಗಂಡನಾಗಿದ್ದರೆ ಇಲ್ಲಿ ದನಿ ಇಳಿಸುತ್ತಿದ್ದ, ಒಂದು ಕ್ಷಣ ನಿಲ್ಲಿಸುತ್ತಿದ್ದ, ಆಮೇಲೆ ಕಟ್ಟಿದಂತೆ ಒಂದು ಮಾತು ಸೇರಿಸುತ್ತಿದ್ದ. ಅವಳಿಗೆ ಅದೊಂದೂ ಬರಲಿಲ್ಲ. ಮೈಕು ಗೊರಗೊರ ಅಂದಿತು.

ಗುಂಪಿನಲ್ಲಿ ಒಬ್ಬ ನಡುವಯಸ್ಸಿನವನು ಮೋಸಹೋದವನ ಹಾಗೆ ಮುಖ ಮಾಡಿದ. "ಮತ್ತೆ ಇಬ್ಬರೂ ದಡ ಸೇರಿದ್ರು ಅಂದ್ರಲ್ಲ? ಯಾರು ಹಬ್ಬಿಸಿದ್ದು ಅದನ್ನ?"

ಹುಡುಗಿ ತಲೆ ತಗ್ಗಿಸಿದಳು. ಮೈಕು ಹಿಡಿದು ನಿಂತಿದ್ದ ಅವಳ ಬಾಯಲ್ಲಿ ಉತ್ತರ ಸಿದ್ಧವಿತ್ತು, ಬೆಳಿಗ್ಗೆಯಿಂದ ಮಸೆದಿಟ್ಟಿದ್ದು. ಸುಳ್ಳುಗಾರ, ಮಾತು ತಪ್ಪಿದವನು, ನನ್ನ ತಂಗಿಯನ್ನು ಮಾರಿಕೊಂಡವನು. ಮೈಕು ಬಾಯಿಗೆ ಹಿಡಿದಳು. ಹೊರಬಂದದ್ದು ಬೇರೆ.

"ನಮ್ಮ ಯಜಮಾನ್ರು," ಅಂದಳು. "ನಾನು ಸತ್ತಿದ್ದನ್ನ ಹೇಳಬೇಡಿ ಅಂದಿದ್ದೆ." ಇನ್ನೇನು ಹೇಳಬೇಕೆಂದು ತಿಳಿಯದೆ ಕೈ ಎತ್ತಿ ತೋರಿಸಿದಳು. "ಅಲ್ಲಿ ಮಲಗಿದಾರೆ."

ಬೆರಳು ಹೋದ ಕಡೆಗೆ ಎಲ್ಲ ತಲೆಗಳೂ ಒಟ್ಟಿಗೆ ತಿರುಗಿದವು. ಗೈಡ್ ತೋರಿಸಿದಾಗ ಅರಮನೆಯ ಗೋಪುರಕ್ಕೆ, ಸೆರೆಮನೆಯ ಗೋಡೆಗೆ ತಿರುಗುವ ಹಾಗೆಯೇ. ಒಬ್ಬ ಕ್ಯಾಮೆರಾ ಎತ್ತಿದವನು ಅದನ್ನು ಎದೆಯ ಹತ್ತಿರ ಹಾಗೇ ಹಿಡಿದುಕೊಂಡ. ಕಾರುಗಳ ಸಾಲಿನ ನಡುವೆ, ತೆರೆದ ವ್ಯಾನಿನ ಬಾಗಿಲಲ್ಲಿ, ಅಪ್ಪನ ಕಾಲ ಬಳಿ ನಿಂತಿದ್ದ ಮಗ ಅಷ್ಟೊಂದು ಕಣ್ಣುಗಳು ಒಮ್ಮೆಲೇ ತನ್ನ ಮೇಲೆ ಬಿದ್ದಾಗ ಏನು ಮಾಡಬೇಕೆಂದು ತೋಚದೆ, ಕೈ ಎತ್ತಿ ಅವರತ್ತ ಮೆಲ್ಲಗೆ ಬೀಸಿದ.