ಆಗಲ್ಲ ಅಂದ ಕೆಲಸ

ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ನಿಂತು ಬಂದವನನ್ನು ಯಾರೂ ಪ್ರಶ್ನೆ ಕೇಳಬಾರದು. ಇದು ನನ್ನ ಕಾನೂನು. ಇಪ್ಪತ್ತೆರಡು ವರ್ಷ ಊರವರ ಕಂಪ್ಯೂಟರುಗಳ ತಂತಿ ಎಳೆದೂ ಎಳೆದೂ ನನ್ನ ಸೊಂಟ ಬಿದ್ದುಹೋಗಿದೆ. ಆವತ್ತು ಮತ್ತಿಕೆರೆಯಲ್ಲಿ ಮುನೀಂದ್ರನ ಪ್ರೆಸ್ಸಿನ ಕೆಲಸ ಮುಗಿಸುವಷ್ಟರಲ್ಲಿ ಸಂಜೆ ಆರೂವರೆ. ಎಲ್ಲ ಕಂಪ್ಯೂಟರುಗಳ ಫೈಲು ಇಟ್ಟಿದ್ದ ಹಳೆಯ ಸ್ಟೋರೇಜ್ ಪೆಟ್ಟಿಗೆ ತೆಗೆದು, ಫೈಲುಗಳನ್ನು ತುಂಬಿಸಿ ಹೊಸದು ಕೂರಿಸಿದ್ದೆ. ಚೀಲ ಹೆಗಲಿಗೇರಿಸಿದೆ, ಆಗ ಕೇಳಿದರು ರಾಮಲಕ್ಷ್ಮಮ್ಮ.

"ಸಾರ್, ನನ್ ಕಂಪ್ಯೂಟರ್‌ನಲ್ಲಿ ಪೆಟ್ಟಿಗೆ ಕಾಣ್ತಾನೇ ಇಲ್ಲ."

ಹದಿನಾಲ್ಕು ವರ್ಷದಿಂದ ಆಕೆ ಅದೇ ಕಂಪ್ಯೂಟರಿನಲ್ಲಿ ಮದುವೆ ಪತ್ರಿಕೆ ಟೈಪ್ ಮಾಡುತ್ತಿದ್ದವರು. ಅವರು ಕಲಿತ ಸಾಫ್ಟ್‌ವೇರ್ ಅದೊಂದರಲ್ಲೇ ಓಡುವುದು.

"ನಿಮ್ ಕಂಪ್ಯೂಟರ್ ಹಳೇ ಭಾಷೆ ಮಾತಾಡತ್ತೆ ಅಮ್ಮ. ಹೊಸ ಪೆಟ್ಟಿಗೆಗೆ ಆ ಭಾಷೆ ಬರಲ್ಲ. ಆಗಲ್ಲ," ಅಂದೆ.

ಸುಳ್ಳು. ಪೆಟ್ಟಿಗೆಗೆ ಆ ಭಾಷೆ ಬರುತ್ತಿತ್ತು. ಹೋದ ವರ್ಷ ಊರೂರಿನ ಕಂಪ್ಯೂಟರುಗಳಿಗೆ ವೈರಸ್ ಬಡಿದ ಮೇಲೆ ಪೆಟ್ಟಿಗೆಯ ಕಂಪನಿಯವರು ಅದನ್ನು ಮುಚ್ಚಿಟ್ಟು ಕಳಿಸುತ್ತಿದ್ದರು, ಅಷ್ಟೇ. ಒಂದು ಸೆಟ್ಟಿಂಗ್ ತೆರೆಯಬೇಕು, ಆ ಬಾಗಿಲು ರಾಮಲಕ್ಷ್ಮಮ್ಮನ ಕಂಪ್ಯೂಟರ್ ಒಂದಕ್ಕೇ ಎಂದು ಕಟ್ಟಬೇಕು, ಆ ಕಂಪ್ಯೂಟರಿಗೆ ಇಂಟರ್ನೆಟ್ ಕೊಡಬಾರದು. ಇಪ್ಪತ್ತು ನಿಮಿಷದ ಕೆಲಸ. ನನಗೆ ಮನೆಗೆ ಹೋಗಿ ಕಾಲು ಚಾಚಬೇಕಿತ್ತು.

"ಹಂಗಾದ್ರೆ ಆ ಹಳೇ ಕಂಪ್ಯೂಟರ್ ಡಬ್ಬ ತೆಗೆದಾಕೋಣ ಬಿಡಿ," ಅಂದ ಮುನೀಂದ್ರ. ಡಬ್ಬದ ಜೊತೆ ರಾಮಲಕ್ಷ್ಮಮ್ಮನನ್ನೂ ಕೆಲಸದಿಂದ ತೆಗೆದಿದ್ದಾನೆ ಎಂದು ನನಗೆ ಗೊತ್ತಾದದ್ದು ಒಂದು ತಿಂಗಳ ಮೇಲೆ ಅವನ ಫೋನ್ ಬಂದಾಗ.

"ಬದ್ರಿ ಸಾರ್, ಮಾನ ಹೋಯ್ತು ಕಣ್ರೀ!"

ಕೋಗಿಲು ಹಳ್ಳಿಯ ದೊಡ್ಡಮುನಿಯಮ್ಮನ ಮನೆಯ ಮದುವೆ. ದೊಡ್ಡ ಮೊಮ್ಮಗಳ ಹಳೆಯ ಪತ್ರಿಕೆ ಕೊಟ್ಟು, ಚಿಕ್ಕವಳಿಗೂ ಇದೇ ಥರ ಮಾಡಿ ಅಂದಿದ್ದರು. ಮುನೀಂದ್ರ ಅದನ್ನು ಹೊರಗೆ ಟೈಪಿಂಗಿಗೆ ಕೊಟ್ಟ. ಅವರು ವಧೂವರರ ಹೆಸರು, ತಾರೀಖು ಬದಲಿಸಿ, ಉಳಿದದ್ದನ್ನು ಇದ್ದ ಹಾಗೇ ಹೊಡೆದರು. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಮೊದಲ ಹೆಸರು ಮುನಿನಾರಾಯಣಪ್ಪ, ಅಜ್ಜಿಯ ಗಂಡ. ತೀರಿಕೊಂಡು ಎರಡು ವರ್ಷ. ಹೆಸರಿಗೆ ಮೊದಲು 'ದಿವಂಗತ' ಇಲ್ಲ. ಎಂಟುನೂರು ಪತ್ರಿಕೆ.

"ಅಜ್ಜಿ ಪ್ರೆಸ್ಸಿಗೇ ಬಂದು ಕೂತ್ಬಿಟ್ಳು ಸಾರ್. 'ಇಂಗ್ ಮಾಡ್ಬಿಟ್ರಲ್ಲಪ್ಪಾ, ತೀರ್ಕೊಂಡೋನ್ ಕೈಲಿ ಮದ್ವೆಗ್ ಕರೆಸ್ಬಿಟ್ರಲ್ಲಪ್ಪಾ' ಅಂತ ಅಳು. ದೊಡ್ಡೋಳ್ ಪತ್ರಿಕೆ ಮಾಡಿದ್ದ ಆ ಯಮ್ಮನೇ ಮಾಡ್ಬೇಕು, ಇಲ್ದಿದ್ರೆ ಪತ್ರಿಕೇನೇ ಬ್ಯಾಡ ಅಂತಾಳೆ. ಇದೊಂದಕ್ಕೆ ರಾಮಲಕ್ಷ್ಮಮ್ಮನ್ನ ಕೈಮುಗಿದು ಕರೆಸಿದೀನಿ. ಏನಾದ್ರೂ ಮಾಡಿ, ಅವರ ಕಂಪ್ಯೂಟರ್ ಓಡ್ಬೇಕು."

ಅಜ್ಜಿ ಹೇಳಿದ್ದು ಸರಿ. ಹಳೆಯ ಪತ್ರಿಕೆ ಕೈಗೆತ್ತಿಕೊಂಡರೆ ರಾಮಲಕ್ಷ್ಮಮ್ಮ ಮೊದಲು ಕೇಳುತ್ತಿದ್ದದ್ದು ಎರಡು ಮಾತು: ಈಚೆಗೆ ಮನೇಲಿ ಯಾರಾದ್ರೂ ಹೋದ್ರಾ? ಯಾರಾದ್ರೂ ಮಾತು ಬಿಟ್ಟಿದಾರಾ? ಉತ್ತರ ಸಿಗದೆ ಕೀಬೋರ್ಡ್ ಮುಟ್ಟುತ್ತಿರಲಿಲ್ಲ.

ಹೋದೆ. ಮೂಲೆಯಿಂದ ಕಂಪ್ಯೂಟರ್ ತಂದು ಧೂಳು ಒರೆಸಿದ್ದರು. ರಾಮಲಕ್ಷ್ಮಮ್ಮ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತು ನನ್ನ ಕೈಯನ್ನೇ ನೋಡುತ್ತಿದ್ದರು. ಹದಿನೆಂಟು ನಿಮಿಷಕ್ಕೆ ಪೆಟ್ಟಿಗೆ ತೆರೆದುಕೊಂಡಿತು. ಅವರ ಹದಿನಾಲ್ಕು ವರ್ಷದ ಪತ್ರಿಕೆಗಳು ಸಾಲಾಗಿ ಕಂಡವು.

"ಅರೆ! ಹೊಸ ಅಪ್ಡೇಟ್ ಏನಾದ್ರೂ ಬಂತಾ ಸಾರ್?" ಅಂದ ಮುನೀಂದ್ರ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರಲ್ಲ. ಹ್ಞೂಂ ಅಂದಿದ್ದರೆ ಮುಗಿಯುತ್ತಿತ್ತು.

"ಗಾರ್ಮೆಂಟ್ಸಿಗೆ ಸೇರ್ಕೊಂಡೆ ಸಾರ್," ಅಂದರು ರಾಮಲಕ್ಷ್ಮಮ್ಮ, ಯಾರೂ ಕೇಳದೆಯೇ. "ದಿನವೆಲ್ಲಾ ನಿಂತ್ಕೊಂಡು ನೂಲು ಕತ್ತರಿಸೋದು. ಕಾಲು ಊದ್ಕೊಂಡಿದೆ. ನಾನು ಕಲ್ತಿದ್ದಕ್ಕೆ ಇನ್ನು ಕಾಲ ಇಲ್ಲ ಅಂತ ಮನೇಲೂ ಹೇಳ್ಬಿಟ್ಟಿದ್ದೆ."

ನಾನು ಮೌಸ್ ಬಿಟ್ಟು ಅವರ ಕಡೆ ತಿರುಗಿದೆ. "ಅಪ್ಡೇಟ್ ಏನೂ ಬಂದಿಲ್ಲ. ಆವತ್ತೂ ಆಗ್ತಿತ್ತು ಅಮ್ಮ," ಅಂದೆ. "ಸುಸ್ತಾಗಿತ್ತು. ಆಗಲ್ಲ ಅಂದುಬಿಟ್ಟೆ."

ಮುನೀಂದ್ರ ನನ್ನನ್ನು ಬಿಟ್ಟು ಆಕೆಯ ಕಡೆ ತಿರುಗಿ, "ನಾಳೆಯಿಂದ ಬಂದ್ಬಿಡಿ ರಾಮಲಕ್ಷ್ಮಮ್ಮ, ಮೊದಲಿನ ಹಂಗೇ," ಅಂದ.

ಆಕೆ ಬೈಯಲಿಲ್ಲ. ಬೈದಿದ್ದರೆ ನಾನೂ ಒಂದು ಮಾತಾಡಿ ಹಗುರಾಗುತ್ತಿದ್ದೆ. ಕೆಟ್ಟುಹೋದ ಪತ್ರಿಕೆಗಳ ಕಟ್ಟಿನಿಂದ ಒಂದನ್ನು ಎಳೆದು, ಹಿಂದಿನ ಖಾಲಿ ಬದಿ ತಿರುಗಿಸಿ, ಪೆನ್ನಿನ ಜೊತೆ ನನ್ನ ಮುಂದಿಟ್ಟರು.

"ಈಗ ಏನೇನ್ ಒತ್ತಿದ್ರೋ ಒಂದೊಂದಾಗಿ ಬರ್ಕೊಡಿ. ಪಾಸ್‌ವರ್ಡೂ ಸೇರಿಸಿ. ಕನ್ನಡದಲ್ಲಿ."

"ಅದೆಲ್ಲಾ ನಿಮಗ್ಯಾಕಮ್ಮ? ಒಂದು ಫೋನ್ ಮಾಡಿ, ಬರ್ತೀನಿ."

"ಆವತ್ತೂ ಬಂದಿದ್ರಲ್ಲ ಸಾರ್."

ಬರೆದೆ. ಒಂಬತ್ತು ಸಾಲು. ಆಕೆ ಎರಡು ಸಲ ಓದಿದರು. ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ತಾವು ಕೂತು, ನಾನು ತೆರೆದಿದ್ದ ಸೆಟ್ಟಿಂಗ್ ಮುಚ್ಚಿಬಿಟ್ಟರು. ಆಮೇಲೆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಮೊದಲಿಂದ ಒಬ್ಬರೇ ತೆರೆದರು. ಅದು ಮುಗಿಯುವ ತನಕ ನಾನು ಹಿಂದೆ ನಿಂತೇ ಇದ್ದೆ, ಕೂರಿ ಅಂತ ಅವರೂ ಅನ್ನಲಿಲ್ಲ.