ಓಟದ ದಿನದ ನೀರು

"ಇನ್ನೂ ವಸಿ ಮೇಲಕ್ಕೆತ್ತು ಕಣ್ಲಾ. ಗದ್ದ ಎದೆಗೆ ತಗಲ್ತಾ ಅದೆ," ಎಂದ ಮರಿಯಯ್ಯ.

ನಂಜುಂಡೇಶ್ ಎರಡೂ ಕೈಯಿಂದ ಅಪ್ಪನ ತಲೆಯನ್ನು ಎತ್ತಿ ಗೋಡೆಗೆ ಒರಗಿಸಿ ಹಿಡಿದ. ಪಕ್ಕದ ಮನೆಯ ಮರಿಯಯ್ಯ ಬಿಳಿ ಬಟ್ಟೆಯ ಪಟ್ಟಿಯನ್ನು ಹಣೆಯ ಮೇಲಿಂದ ತಂದು ಹಿಂದಿನ ಗೂಟಕ್ಕೆ ಬಿಗಿದ. ಹೆಮ್ಮರಗಾಲದ ಶಿವಸ್ವಾಮಿ ತನ್ನ ಮನೆಯ ಜಗುಲಿಯ ಮೇಲೆ, ಮೈತುಂಬ ವಿಭೂತಿ ಬಳಿಸಿಕೊಂಡು, ಬೀದಿಗೆ ಮುಖ ಮಾಡಿ ನೆಟ್ಟಗೆ ಕೂತ. ಆರು ತಿಂಗಳಿಂದ ದಿಂಬಿನ ಆಸರೆ ಇಲ್ಲದೆ ಕೂರಲಾಗದಿದ್ದ ಮನುಷ್ಯ. ಬದುಕಿದ್ದಾಗ ಆಗದ್ದು ಸತ್ತ ಮೇಲೆ ಆಯಿತು. ಇಂಥ ಭಾಗ್ಯ ಯಾರಿಗೆ ಬೇಕು?

"ಬಿಗಿ ಆಯ್ತೇನೋ," ಎಂದ ನಂಜುಂಡೇಶ್.

"ಅವನಿಗಿನ್ನೇನ್ ಬಿಗಿ ಬುಡು," ಎಂದು ಮರಿಯಯ್ಯ ಗಂಟನ್ನು ಇನ್ನೊಂದು ಸುತ್ತು ಹಾಕಿದ.

ಬಾಗಿಲ ಬಳಿ ಕೂತಿದ್ದ ರುದ್ರಮ್ಮ ಬಂದವರಿಗೆಲ್ಲ ಒಂದೇ ಮಾತನ್ನು ಹೇಳುತ್ತಿದ್ದಳು. ಗಂಡನ ಸಾವಿನ ಸಂಕಟವನ್ನು ಮಗನ ಹೆಮ್ಮೆಯಲ್ಲಿ ಅದ್ದಿ ನುಂಗಲು ನೋಡುತ್ತಿದ್ದಳು ಪಾಪ.

"ಕಿಡ್ನಿ ಓಗಿದ್ವು ಕಣವ್ವ. ನೀರು ಮೈಗೆ ಇಳಿದ್ರೆ ಉಸ್ರು ಕಟ್ತದೆ ಅಂದಿದ್ರು. ಕೊನೇಗಂಟ ಒಂದ್ ತೊಟ್ಟು ಎಚ್ಗೆ ಕುಡೀಗೊಡ್ಲಿಲ್ಲ ನನ್ ಮಗ. ಡಾಕ್ಟ್ರು ಏಳ್ದಂಗೇ ಅಳತೇಲಿ ಕೊಟ್ಟ. ಇಂಥ ಮಗನ್ನ ಯಾರ್ ಎತ್ತವ್ರೆ ಏಳಿ."

ಹೆಂಗಸರು ಹೌದೆಂದು ತಲೆಯಾಡಿಸಿ ಅವನ ಕಡೆ ನೋಡಿದರು. ನಂಜುಂಡೇಶ್ ನೆಲ ನೋಡಿದ. ಡಾಕ್ಟರು ಕೊನೆಗೆ ಹೇಳಿದ್ದೇ ಬೇರೆ. ಅದನ್ನು ಕೇಳಿದ್ದವನು ಅವನೊಬ್ಬನೇ. ಅವ್ವನಿಗೆ ಹೇಳಿರಲಿಲ್ಲ, ಅಪ್ಪನಿಗೂ ಹೇಳಿರಲಿಲ್ಲ. ಈಗ ಅವ್ವ ಹೊಗಳುವಾಗಲೆಲ್ಲ ಅವನಿಗೆ ಎದ್ದು ಎತ್ತಲಾದರೂ ಓಡಿಹೋಗಬೇಕೆನಿಸುತ್ತಿತ್ತು.

ಚಪ್ಪರದಡಿ ಗಂಡಸರು ಕೂತಿದ್ದರು. ದುಃಖವೇನೋ ನಿಜವಾದದ್ದೇ. ಆದರೆ ಅವತ್ತು ಭಾನುವಾರ, ನರಸೀಪುರದ ಹತ್ತಿರ ಎತ್ತಿನ ಗಾಡಿ ಓಟ. ಒಬ್ಬ ಮೊಬೈಲು ತೆಗೆದು ಹೊತ್ತು ನೋಡಿದರೆ ಪಕ್ಕದವನೂ ಬಗ್ಗಿ ನೋಡುತ್ತಿದ್ದ. ಬೇಗ ಮಣ್ಣು ಮಾಡಿ ಮುಗಿಸಿದರೆ ಮಧ್ಯಾಹ್ನಕ್ಕೆ ಹೋಗಿ ಮುಟ್ಟಬಹುದಲ್ಲ ಎಂಬ ಆಸೆ. ತಪ್ಪೆಂದು ಯಾರೂ ಬೈಯುವಂತಿರಲಿಲ್ಲ. ಸತ್ತವನು ಮೊದಲಿನಂತೆ ಗಟ್ಟಿಯಾಗಿದ್ದಿದ್ದರೆ ಅಷ್ಟು ಹೊತ್ತಿಗೆ ಅಲ್ಲೇ ಇರುತ್ತಿದ್ದ.

"ಇವತ್ತು ಯಾವ್ ಜೋಡಿ ಗೆಲ್ತದೋ ಏಳೋರೇ ಇಲ್ಲ," ಎಂದ ಒಬ್ಬ.

"ಏಳೋನು ಅಲ್ ಕುಂತವ್ನೆ, ಓಗ್ ಕೇಳು," ಎಂದ ಮರಿಯಯ್ಯ.

*

ಆ ಓಟ ಸಲೀಸಾದದ್ದಲ್ಲ. ಕೊಯ್ಲು ಮುಗಿದ ಗದ್ದೆ ಬಯಲಿನಲ್ಲಿ ಬದುಗಳನ್ನೆಲ್ಲ ಕಿತ್ತು ನಡುವೆ ಒಂದನ್ನು ಮಾತ್ರ ಮೊಣಕಾಲೆತ್ತರಕ್ಕೆ ಉಳಿಸುತ್ತಾರೆ. ಜೋಡಿ ಎತ್ತುಗಳು ಹಗುರವಾದ ಗಾಡಿಯನ್ನು ಎಳೆದುಕೊಂಡು ಬಂದು ಅದನ್ನು ಹಾರಬೇಕು. ಒಂದು ಹಾರಿ ಇನ್ನೊಂದು ಹಿಂದೇಟು ಹಾಕಿತೋ, ಗಾಡಿ ಮಗುಚಿತೆಂದೇ ತಿಳಿಯಿರಿ.

ಓಟ ಶುರುವಾಗುವ ಮುಂಚೆ ಶಿವಸ್ವಾಮಿ ಮೊದಲು ಆ ಬದುವಿನ ಹತ್ತಿರ ಹೋಗಿ ಚಪ್ಪಲಿ ಬಿಟ್ಟು ಮಣ್ಣು ತುಳಿದು ನೋಡುತ್ತಿದ್ದ. ಆಮೇಲೆ ಸಾಲಾಗಿ ಕಟ್ಟಿದ ಎತ್ತುಗಳ ಮುಂದೆ ನಿಧಾನವಾಗಿ ನಡೆಯುತ್ತಿದ್ದ. ಹಿಂದೆ ಒಂದು ಗುಂಪು. ಕೊಂಬಿಗೆ ಬಳಿದ ಬಣ್ಣ, ಕೊರಳಿನ ಹೂವು, ಒಡೆಯನ ಹೆಸರು, ಹಿಂದಿನ ವರ್ಷದ ಬಹುಮಾನ, ಯಾವುದೂ ಅವನಿಗೆ ಬೇಡ. ಹಿಂಗಾಲು ಊರುವುದನ್ನು ನೋಡುತ್ತಿದ್ದ. ಕಿವಿಯ ಹಿಂದೆ ಕೈಯಿಟ್ಟು ಬೆವರಿದೆಯೇ ಎಂದು ನೋಡುತ್ತಿದ್ದ. ಅಂಜಿದ ಎತ್ತು ಮೊದಲು ಬೆವರುವುದೇ ಅಲ್ಲಿ ಎನ್ನುವುದು ಅವನ ನಂಬಿಕೆ.

"ಇದು ಮೆಲ್ಕಾಕ್ತಾ ನಿಂತದೆ ನೋಡು, ಎದುರ್ಕಂಡಿಲ್ಲ. ಆರ್ತದೆ," ಎನ್ನುತ್ತಿದ್ದ. "ಈ ಎಡಗಡೇದು ಒಳ್ಳೇದೇ. ಆದ್ರೆ ಬಲಗಡೇದ್ರ ಮೊಕ ನೋಡ್ಕಂಡು ಓಡ್ತದೆ. ಬದುವಿನತ್ರ ನೀ ಮೊದ್ಲು ನಾ ಮೊದ್ಲು ಅಂತ ನಿಂತ್ಕತವೆ. ಮೂರ್ನೇದು ಬಂದ್ರೆ ಪುಣ್ಯ." ಜೈಕಾರ ಹಾಕಿಸಿಕೊಂಡು ಬಂದ ಜೋಡಿಯೊಂದನ್ನು ನೋಡಿ, "ಇದುಕ್ಕೆ ಜನ ಜಾಸ್ತಿ, ಕಾಲು ಕಮ್ಮಿ," ಎಂದಿದ್ದು ಸುತ್ತ ಊರಲ್ಲೆಲ್ಲ ಮಾತಾಗಿತ್ತು. ಎಲ್ಲವೂ ಅವನು ಹೇಳಿದಂತೆಯೇ ಆಗುತ್ತಿತ್ತು ಎಂದೇನಿಲ್ಲ, ಎಷ್ಟೋ ಸಲ ಮಣ್ಣು ಮುಕ್ಕಿದ್ದ. ಅವನ ಮನೆಯಲ್ಲಿದ್ದದ್ದು ಮಾತ್ರ ಉಳುವ ಎರಡು ಮುದಿ ಎತ್ತು. ಓಟಕ್ಕೂ ಅವಕ್ಕೂ ಸಂಬಂಧವಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವನು ತಪ್ಪಿದ್ದಿಲ್ಲ. ಓಟದ ದಿನ ಬೆಳಗಿನಿಂದ ಯಾರೂ ಎತ್ತಿಗೆ ನೀರು ತೋರಿಸುವುದಿಲ್ಲ, ಹೊಟ್ಟೆ ಭಾರವಾಗುತ್ತದೆಂದು. ಯಾವ ಎತ್ತಿನ ಕೈಯಲ್ಲಿ ಆಗುವುದಿಲ್ಲವೆಂದು ಶಿವಸ್ವಾಮಿಗೆ ಖಾತ್ರಿಯಾಗುತ್ತಿತ್ತೋ, ಅದರ ಮುಂದೆ ಏನೂ ಹೇಳದೆ ಒಂದು ಬಕೆಟ್ಟು ನೀರು ತಂದಿಡುತ್ತಿದ್ದ. ಅಲ್ಲಿಗೆ ಆ ಜೋಡಿಯ ಓಟ ಮುಗಿಯಿತು. ಒಡೆಯ ಬೈದುಕೊಂಡೋ ಅತ್ತುಕೊಂಡೋ ಎತ್ತನ್ನು ಮನೆಗೆ ಹೊಡೆದುಕೊಂಡು ಹೋಗುತ್ತಿದ್ದ.

ಒಂದು ವರ್ಷ ಓಟಕ್ಕೆ ಜೋಡಿ ತಂದಿದ್ದ ತಿಮ್ಮಯ್ಯ ಆ ಬಕೆಟ್ಟನ್ನು ಒದ್ದ. "ನನ್ ಎತ್ತಿನ ಅಣೇಬರ ಬರಿಯಾಕೆ ನೀನ್ಯಾವನ್ಲಾ?" ಎಂದು ನೊಗ ಕಟ್ಟಿದ. ಬದುವಿನ ಹತ್ತಿರ ಬಲಗಡೆಯ ಎತ್ತು ಮುಗ್ಗರಿಸಿ ಮುಂಗಾಲು ಮುರಿದುಕೊಂಡು ಬಿತ್ತು. ಗುಂಪು ಮುಂದಿನ ಜೋಡಿ ನೋಡಲು ಹೋಯಿತು. ಶಿವಸ್ವಾಮಿ ಮಾತ್ರ ಮಣ್ಣಲ್ಲಿ ಕೂತು ಬೊಗಸೆಯಲ್ಲಿ ಅದಕ್ಕೆ ನೀರು ಕುಡಿಸಿದ. ಬೈಕಿನಲ್ಲಿ ಅಪ್ಪನನ್ನು ಕರೆತಂದಿದ್ದ ನಂಜುಂಡೇಶ್ ಪಕ್ಕದಲ್ಲೇ ನಿಂತಿದ್ದ.

"ಅದುಕ್ಕೆ ಬೆಳಿಗ್ಗೇನೇ ಗೊತ್ತಿತ್ತು ಕಣ್ಲಾ ತಿಮ್ಮಯ್ಯ," ಎಂದಿದ್ದ ಶಿವಸ್ವಾಮಿ. "ಬಾಯಿಲ್ಲ, ಏಳ್ಲಿಲ್ಲ. ಆಗಲ್ಲ ಅಂತ ಗೊತ್ತಾದ್ಮೇಲೂ ಬಾಯಾರಿಸ್ಕಂಡು ನಿಲ್ಲಿಸ್ಬಾರ್ದು. ಅದು ಪಾಪ."

*

ಬೀದಿಯ ತಿರುವಿನಲ್ಲಿ ಟೆಂಪೊ ನಿಂತಿತು. ತಿಮ್ಮಯ್ಯ ಇಳಿದು ಹಿಂದಿನ ಹಲಗೆ ತೆಗೆದು ಎರಡು ಬಿಳಿ ಎತ್ತುಗಳನ್ನು ಕೆಳಗಿಳಿಸಿದ. ಕೊಂಬಿಗೆ ಆಗಲೇ ಬಣ್ಣ ಬಳಿದಿತ್ತು.

ಮರಿಯಯ್ಯ ಎದ್ದು ಬಂದ. "ಸಾವಿನ್ ಮನೆ ಮುಂದೆ ಎತ್ತಿಳಿಸ್ತಿದ್ದೀಯಲ್ಲೋ. ನಿಂಗೇನ್ ಬುದ್ಧಿಗಿದ್ಧಿ ಅದಾ?"

"ಆ ಕಾಲ್ ಮುರ್ಕಂಡ ಎತ್ತಿಂದಾಚ್ಗೆ ಶಿವಸ್ವಾಮಣ್ಣನ ಮುಂದೆ ನಿಲ್ಲಿಸ್ದೆ ನಾನ್ ನೊಗ ಕಟ್ಟಿಲ್ಲ ಕಣ್ರಪ್ಪ." ತಿಮ್ಮಯ್ಯ ಎತ್ತುಗಳನ್ನು ಹತ್ತಿರಕ್ಕೆಳೆದುಕೊಂಡ. "ಒಂದ್ ಗಳಿಗೆ ಅಷ್ಟೆ. ನಿಲ್ಲಿಸ್ಕಂಡು ಒಂಟೋಯ್ತೀನಿ. ಇವತ್ತೊಂದ್ ದಿನ ಎಂಗ್ ಬುಡ್ಲಿ?"

ಒಂದಿಬ್ಬರು ಗೊಣಗಿದರು. ರುದ್ರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಿಲ್ಲಿಸ್ಲಿ ಬುಡಿ. ನಮ್ ಮೊಕಕ್ಕಿಂತ ಎತ್ತಿನ್ ಮೊಕಾನೇ ಜಾಸ್ತಿ ನೋಡ್ದೋನು ಅವ್ನು. ನೋಡ್ಕಂಡೇ ಓಗ್ಲಿ."

ತಿಮ್ಮಯ್ಯ ಜಗುಲಿಯ ಕೆಳಗೆ, ಶವಕ್ಕೆ ಎದುರಾಗಿ ಎತ್ತುಗಳನ್ನು ನಿಲ್ಲಿಸಿ ಮೂಗುದಾರ ಹಿಡಿದು ತಲೆಬಾಗಿ ನಿಂತ. ಎತ್ತುಗಳು ಗಂಧದ ಹೊಗೆಗೆ ಬೆದರಿ ಕಾಲು ಬದಲಿಸಿದವು. ಬೆಳಗಿನಿಂದ ನೀರಿಲ್ಲ. ಒಣಗಿದ ನಾಲಗೆಯನ್ನು ಹೊರಗೆ ಚಾಚಿ ಮೂತಿಯನ್ನು ನೆಕ್ಕಿಕೊಳ್ಳುತ್ತಿದ್ದವು. ನಂಜುಂಡೇಶ್‌ಗೆ ಆ ನಾಲಗೆಗಳನ್ನು ನೋಡಲಾಗಲಿಲ್ಲ.

*

ವಾರಕ್ಕೆರಡು ಸಲ ನಂಜನಗೂಡಿಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕಿತ್ತು. ತಾಂಡ್ಯದ ಕಾರ್ಖಾನೆಯಲ್ಲಿ ಶಿಫ್ಟು ಬದಲಿಸಿಕೊಂಡು ಬಂದು ನಂಜುಂಡೇಶ್ ಅಪ್ಪನನ್ನು ಕರೆದೊಯ್ಯುತ್ತಿದ್ದ. ನೀರು ದಿನಕ್ಕೆ ಸಣ್ಣ ಬಾಟಲಿಯೊಂದರಷ್ಟು. ಅದನ್ನು ಮುಚ್ಚಳದಲ್ಲಿ ಹಾಕಿಕೊಡುವ ಕೆಲಸ ಮಗನದು. ಶಿವಸ್ವಾಮಿಯ ತುಟಿ ಬಿರಿದು ರಕ್ತ ಕಾಣುತ್ತಿತ್ತು. ಅಡುಗೆಮನೆಯ ಚೊಂಬುಗಳನ್ನೆಲ್ಲ ರುದ್ರಮ್ಮ ಅಟ್ಟಕ್ಕೆ ಹಾಕಿದ್ದಳು. ಒಂದು ಮಧ್ಯಾಹ್ನ ಶಿವಸ್ವಾಮಿ ಗೋಡೆ ಹಿಡಿದುಕೊಂಡು ಹಿತ್ತಲಿಗೆ ಹೋಗಿ ದನದ ತೊಟ್ಟಿಗೆ ಬಗ್ಗಿ ಬಾಯಿ ಹಾಕಿದ್ದ. ನಂಜುಂಡೇಶ್ ರಟ್ಟೆ ಹಿಡಿದು ಎಳೆದು, "ಸಾಯ್ಬೇಕು ಅಂತ ಇದ್ದೀಯೇನಪ್ಪ?" ಎಂದು ಕಿರುಚಿದ್ದ. ಶಿವಸ್ವಾಮಿ ಗದ್ದ ಒರೆಸಿಕೊಂಡು, "ಚಾನ್ಸು ಅದೆ ಅನ್ನಂಗಿದ್ರೆ ತಡ್ಕತೀನಿ ಬುಡು," ಎಂದಿದ್ದ. ಆಮೇಲೆ ತಡೆದುಕೊಂಡ ಕೂಡ.

ಹೋದ ಗುರುವಾರ ಡಾಕ್ಟರು ನಂಜುಂಡೇಶನನ್ನು ಒಬ್ಬನನ್ನೇ ಒಳಗೆ ಕರೆದರು.

"ಹಾರ್ಟು ತಡೀತಾ ಇಲ್ಲ. ಇನ್ನು ಡಯಾಲಿಸಿಸ್ ಮಾಡೋಕಾಗಲ್ಲಪ್ಪ. ಮನೆಗೆ ಕರ್ಕೊಂಡು ಹೋಗಿ, ಕೇಳಿದ್ದು ಕೊಡಿ."

"ನೀರು ಸಾ?"

"ನೀರೂ ಕೊಡಿ. ಎಷ್ಟು ಬೇಕಾದ್ರೂ ಕುಡೀಲಿ."

ಆಟೋದಲ್ಲಿ ಕೂತಿದ್ದ ಶಿವಸ್ವಾಮಿ ಕೇಳಿದ, "ಏನಂದ್ರುಲಾ?"

"ಸೋಮಾರ ಬನ್ನಿ ಅಂದ್ರು. ಉಸಾರಾಯ್ತಾರೆ ಅಂದ್ರು."

ಶಿವಸ್ವಾಮಿ ಮಗನನ್ನು ನೋಡಿದ. ಮೊದಲು ಕಾಲು ನೋಡಿದ, ಆಮೇಲೆ ಮುಖ. ಕೈಯೆತ್ತಿ ಮಗನ ಕಿವಿಯ ಹಿಂದೆ ಇಟ್ಟ. "ಬೆವ್ತಿದ್ದೀಯಲ್ಲ ಮಗಾ," ಎಂದ.

ನಿನ್ನೆ ಸಂಜೆ ನಂಜುಂಡೇಶ್ ಮುಚ್ಚಳ ಹಿಡಿದು ಹೋದಾಗ ಶಿವಸ್ವಾಮಿ ಅದನ್ನು ಕೈಯಿಂದ ಸರಿಸಿದ. "ಇದಲ್ಲ. ನೀರು ತೋರ್ಸಪ್ಪ ನಂಗೆ."

ನಂಜುಂಡೇಶ್‌ಗೆ ಅರ್ಥವಾಯಿತು. ಆಗದಿರಲು ಅವನೇನು ಬೇರೆಯವನೇ? ಎತ್ತನ್ನು ನೋಡುವಂತೆಯೇ ಅಪ್ಪ ತನ್ನನ್ನು ತಾನೇ ನೋಡಿಕೊಂಡಾಗಿತ್ತು. ಮಗ ಒಂದು ಚೊಂಬು ನೀರು ತಂದಿಟ್ಟರೆ ಸಾಕಿತ್ತು, ಬಾಯಿಬಿಟ್ಟು ಏನೂ ಹೇಳಬೇಕಾಗಿರಲಿಲ್ಲ. ಆದರೆ ತಂದಿಟ್ಟರೆ ಹೇಳಿದಂತೆಯೇ. ತಾನು ನೀರು ಕೊಡದಿರುವಷ್ಟು ದಿನ ಅಪ್ಪ ಬದುಕಿರುತ್ತಾನೆ ಎಂಬ ಹುಚ್ಚು ನಂಬಿಕೆಯೊಂದು ಅವನನ್ನು ಗಟ್ಟಿಯಾಗಿ ಹಿಡಿದಿತ್ತು.

"ಸೋಮಾರ ಆಗ್ಲಿ ತಡಿಯಪ್ಪ," ಎಂದ.

ಶಿವಸ್ವಾಮಿ ಗೋಡೆಯ ಕಡೆ ಹೊರಳಿ ಮಲಗಿದ. ಬೆಳಗಾಗುವಷ್ಟರಲ್ಲಿ ಮುಗಿದಿತ್ತು. ಬಾಯಿ ತೆರೆದೇ ಇತ್ತು. ರುದ್ರಮ್ಮ ಒತ್ತಿ ಹಿಡಿದು ಮುಚ್ಚಿದಳು.

*

ಮಠದ ಅಯ್ಯನವರು ಬಂದು ಮಂತ್ರ ಹೇಳಿ, ಶಿವಸ್ವಾಮಿಯ ಅಂಗೈಯಲ್ಲಿ ಲಿಂಗವಿಟ್ಟು ಪತ್ರೆ ಏರಿಸಿದರು. ಹೊಲದಲ್ಲಿ ಗುಂಡಿ ಸಿದ್ಧವಾಗಿದೆಯೆಂದು ಫೋನು ಬಂತು.

"ಒಬ್ಬೊಬ್ಬರೇ ಬಂದು ಬಾಯಿಗೆ ನೀರು ಬಿಡಿ. ಬೇಗ ಬೇಗ ಆಗಲಿ," ಎಂದರು ಅಯ್ಯನವರು.

ರುದ್ರಮ್ಮ ಬಿಟ್ಟಳು. ಮರಿಯಯ್ಯ ಬಿಟ್ಟ. ಚಮಚೆಯ ನೀರು ಮುಚ್ಚಿದ ತುಟಿಗೆ ತಗಲಿ ಗದ್ದಕ್ಕಿಳಿಯುತ್ತಿತ್ತು. ತಿಮ್ಮಯ್ಯ ಎತ್ತುಗಳನ್ನು ಹಿಡಿದುಕೊಂಡು ಕೆಳಗೇ ನಿಂತಿದ್ದ. ಕೊನೆಗೆ ನಂಜುಂಡೇಶ್ ಬಂದ. ಅಯ್ಯನವರು ಕೊಟ್ಟ ಚಮಚೆಯನ್ನು ನೆಲದ ಮೇಲಿಟ್ಟು, ತುಂಬಿದ ಚೊಂಬನ್ನೇ ಎತ್ತಿ ಅಪ್ಪನ ತುಟಿಗೆ ಹಿಡಿದು ಬಗ್ಗಿಸಿದ.

ನೀರು ಗದ್ದದ ವಿಭೂತಿಯನ್ನು ತೊಳೆದು ಎದೆಗಿಳಿಯಿತು, ಮಡಿಲಿಗಿಳಿಯಿತು.

"ಸಾಕು ಬುಡೋ," ಎಂದ ಮರಿಯಯ್ಯ.

"ಅವ್ವ, ಇನ್ನೊಂದ್ ಚೊಂಬು ತತ್ತಾ."

ರುದ್ರಮ್ಮ ಮಗನ ಮುಖ ನೋಡಿ, ಒಳಗಿಂದ ಬಿಂದಿಗೆಯನ್ನೇ ತಂದಳು. ಅವನು ಮೊಗೆದು ಮೊಗೆದು ಸುರಿದ. "ಕುಡಿಯಪ್ಪ. ಡಾಕ್ಟ್ರು ಕುಡೀಲಿ ಅಂದವ್ರೆ. ಗುರುವಾರನೇ ಅಂದವ್ರೆ," ಎನ್ನುತ್ತಿದ್ದ, ತುಟಿಯೊಳಗೇ. ಅವನಿಗಲ್ಲದೆ ಮತ್ತಾರಿಗೂ ಅದು ಕೇಳಿಸಲಿಲ್ಲ. ನೀರು ಜಗುಲಿಯ ಕಲ್ಲಿನ ಮೇಲೆ ಹರಿದು, ಅಂಚಿನಿಂದ ಎತ್ತುಗಳ ಕಾಲ ಬಳಿಗೆ ಇಳಿಯತೊಡಗಿತು. ಎರಡೂ ಎತ್ತು ಮೂಗುದಾರ ಜಗ್ಗಿ ಕೊರಳು ಚಾಚಿದವು.

ಚಪ್ಪರದಡಿ ಯಾರೋ ಎದ್ದು ನಿಂತರು. "ತಿಮ್ಮಯ್ಯಾ... ಶಿವಸ್ವಾಮಣ್ಣ ನೀರ್ ತೋರಿಸ್ಬುಟ್ಟ ಕಣೋ."

ತಿಮ್ಮಯ್ಯ ಹರಿದು ಬರುತ್ತಿದ್ದ ನೀರನ್ನು ನೋಡಿದ, ಶವದ ಮುಖ ನೋಡಿದ. ಹಗ್ಗದ ಹಿಡಿತ ಸಡಿಲಿಸಿ, "ಆಯ್ತಣ್ಣ," ಎಂದು ಕೈಮುಗಿದ.

ಎತ್ತುಗಳು ಮುಂದೆ ಬಂದು ಜಗುಲಿಯ ಕಲ್ಲಿಗೆ ಬಾಯಿ ಹಚ್ಚಿದವು. ಮೇಲೆ ನಂಜುಂಡೇಶ್ ಖಾಲಿ ಚೊಂಬನ್ನು ಇನ್ನೂ ಅಪ್ಪನ ಮುಚ್ಚಿದ ತುಟಿಗೆ ಒತ್ತಿ ಹಿಡಿದಿದ್ದ; ಕೆಳಗೆ ಅವು ನೀರು ಹೀರುವ ಸದ್ದು ಬೀದಿಯ ಕೊನೆಯವರೆಗೂ ಕೇಳುತ್ತಿತ್ತು.