ರಾಶಿಯ ಮುಂದೆ ಸೀನದ ಕಾಶೀರಾಮ

ಡಾಬಕಾ ಊರಲ್ಲಿ ತೊಗರಿ ಒಕ್ಕುವ ರಾಶಿ ಶುರುವಾದರೆ ಕಾಶೀರಾಮನ ಮೂಗೂ ಶುರುವಾಗುತ್ತಿತ್ತು. ಹೊಟ್ಟಿನ ಧೂಳು ಹಾರಿದ್ದೇ ತಡ, ಸೀನಿನ ಮೇಲೆ ಸೀನು. ರಾಶಿ ಮಷೀನಿನ ಮಾಲೀಕ ಹಾವಗೆಪ್ಪನಿಗೆ ರಾಶಿಯ ಮುಂದೆ ಸೀನಿದರೆ ಅಪಶಕುನ. ಹೋದ ವರ್ಷ "ನಡಿ ಮನಿಗಿ" ಎಂದು ಕೆಲಸದಿಂದ ಕಳಿಸಿಯೇ ಬಿಟ್ಟಿದ್ದ. ಅವನಿಗೆ ದುಡಿಯುವ ಕೈ ಬೇಕು, ಮೂಗು ಬೇಡ.

ಈ ಸಲ ಕಾಶೀರಾಮ ಕಿರಾಣಿ ಅಂಗಡಿಯಿಂದ ನೆಗಡಿ ಗುಳಿಗೆ ತಂದ. ಹೆಂಡತಿ ಸುಭದ್ರಾಬಾಯಿಗೆ ಮನಸ್ಸು ಒಪ್ಪಲಿಲ್ಲ. ಪಕ್ಕದ ಮನೆಯ ಗ್ರೇಸಬಾಯಿ ಔರಾದದ ದವಾಖಾನೆಯಲ್ಲಿ ನರ್ಸು. ಅವರನ್ನೇ ಕರೆತಂದಳು.

"ಅಣ್ಣಾ, ಇದು ನೆಗಡಿ ಅಲ್ಲರಿ, ಅಲರ್ಜಿ," ಎಂದರು ಗ್ರೇಸಬಾಯಿ. "ನೆಗಡಿ ಒಬ್ಬರಿಂದ ಒಬ್ಬರಿಗಿ ಹತ್ತತದ, ವಾರದಾಗ ತಾನೇ ಹೋಗ್ತದ. ಇಲ್ಲಿ ನಿಮ್ಮ ಮೈ ಧೂಳಿಗೇ ದುಶ್ಮನ್ ಅಂತ ತಿಳದು ಮೂಗು, ಕಣ್ಣು ಸುರಸ್ತದ."

"ಗುಳಿಗಿ ನುಂಗಿದ್ರ ನಿಲ್ತದಲ್ಲರಿ?" ಎಂದ ಕಾಶೀರಾಮ.

"ನಿಲ್ತದ್ರಿ. ಆದ್ರ ಈ ಗುಳಿಗಿಗಿ ನಿದ್ದಿ ಬರ್ತದ. ನುಂಗಿ ಮಷೀನ್ ಮುಂದ ನಿಂದ್ರಬ್ಯಾಡ್ರಿ. ನಿದ್ದಿ ಕಡಿಮಿ ಬರೋ ಗುಳಿಗಿ ಬ್ಯಾರೆ ಅವ. ನಾಳಿ ದವಾಖಾನಿಗಿ ಬರ್ರಿ, ಡಾಕ್ಟರು ನೋಡಿ ಬರಕೊಡ್ತಾರ. ಕೆಲಸಕ್ಕ ಹೋದ್ರ ಮಾಸ್ಕ ಹಾಕೋರಿ."

"ನಾಳಿನೇ ರಾಶಿ ಅದರಿ. ಸೀನಿದ್ರ ಹಾವಗೆಪ್ಪ ಮತ್ತ ಹೊರಗ ಹಾಕ್ತಾನ. ನೆಗಡಿ ಗುಳಿಗಿಗಿ ಯಾರರ ಸತ್ತಾರೇನ್ರಿ?" ಕಾಶೀರಾಮ ನಕ್ಕ.

ಸುಭದ್ರಾಬಾಯಿಗೆ ಅಂಜಿಕೆಯಾಯಿತು. ಆದರೆ ಕೆಲಸ ಹೋದೀತೆಂಬ ಅಂಜಿಕೆ ಅದಕ್ಕಿಂತ ದೊಡ್ಡದಿತ್ತು. ಸುಮ್ಮನಾದಳು. ಬೆಳಿಗ್ಗೆ ಅವನು ಒಂದಲ್ಲ, ಎರಡು ನುಂಗಿ ಹೋದ.

ಸೀನು ಬರಲಿಲ್ಲ. ಹಾವಗೆಪ್ಪ ಬೆನ್ನು ಚಪ್ಪರಿಸಿದ. ಮಧ್ಯಾಹ್ನದ ಹೊತ್ತಿಗೆ ಕಾಶೀರಾಮನ ಕಣ್ಣು ಎಳೆಯತೊಡಗಿದವು. ತೂಕಡಿಸುತ್ತ, ತೊಗರಿ ಕಟ್ಟಿನ ಜೊತೆ ಬಲಗೈಯನ್ನೂ ಮಷೀನಿಗೆ ಕೊಟ್ಟ. ಬೀದರದ ದವಾಖಾನೆಯಲ್ಲಿ ಜೀವ ಉಳಿಯಿತು, ಬೆರಳು ಉಳಿಯಲಿಲ್ಲ.

ಅಪಶಕುನವೊಂದೇ ಆಗಲಿಲ್ಲ, ಉಳಿದದ್ದೆಲ್ಲ ಆಯಿತು. ಹಾವಗೆಪ್ಪ ಕಾಯಿ ಒಡೆದು ಮರುದಿನವೇ ರಾಶಿ ಮುಂದುವರಿಸಿದ.

ಈಗ ಸುಭದ್ರಾಬಾಯಿ ಗಂಡನಿಗೆ ರೊಟ್ಟಿ ಮುರಿದು ಕೊಡುತ್ತಾಳೆ. ಡಾಕ್ಟರು ಬರೆದ ಅಲರ್ಜಿ ಗುಳಿಗೆಯನ್ನೂ ಬಿಡಿಸಿ ಕೊಡುತ್ತಾಳೆ.

"ಗ್ರೇಸಬಾಯಿ ಮಾತು ಕೇಳಬೇಕಿತ್ತು," ಎಂದ ಕಾಶೀರಾಮ ಒಂದು ದಿನ.

"ಕೇಳಿದ್ದಿವಿ. ತಿಳದೂ ಸುಮ್ಮ ಕುಂತಿವಿ," ಎಂದಳು. ಅವಳಿಗೆ ಹಾವಗೆಪ್ಪನ ಮೇಲೆ ಸಿಟ್ಟಿದೆ, ತನ್ನ ಮೇಲೆ ಇನ್ನೂ ಹೆಚ್ಚು.

ಅಕ್ಕಂದಿರೇ, ಅಣ್ಣಂದಿರೇ, ಧೂಳಿನ ಕೆಲಸಕ್ಕೆ ಮಾಸ್ಕ್ ಹಾಕಿರಿ. ಡಾಕ್ಟರನ್ನು ಕೇಳದೆ ಅಂಗಡಿ ಗುಳಿಗೆ ನುಂಗಬೇಡಿರಿ. ಕೊಟ್ಟ ಗುಳಿಗೆಯಿಂದ ನಿದ್ದೆ ಬರುತ್ತದೆಯೇ ಎಂದೂ ಕೇಳಿರಿ. ಬರುವುದಾದರೆ ಮಷೀನು, ಗಾಡಿ ಮುಟ್ಟಬೇಡಿರಿ, ಅದರ ಮೇಲೆ ಸೆರೆ-ಸಾರಾಯಿ ಕುಡಿಯಬೇಡಿರಿ. ಉಸಿರಾಟ ಕಷ್ಟವಾದರೆ ತಡಮಾಡದೆ ದವಾಖಾನೆಗೆ ಹೋಗಿರಿ. ರಾಶಿಯ ಮುಂದೆ ಯಾರಾದರೂ ಸೀನಿದರೆ ಸೀನಲಿ ಬಿಡಿರಿ. ಸೀನಿನಿಂದ ಯಾವ ರಾಶಿಯೂ ಕೆಟ್ಟಿಲ್ಲ.